ಜಪಾನ್ ದೇಶದ ಮಸೀಚಿತ್ರ: ಅದರ ದ್ರವ್ಯಗಳೂ ಕುಂಚವಿಧಾನವೂ

ಬಣ್ಣಗಳನ್ನು ಬಿಟ್ಟು ಮಸಿಯೊಂದರಿಂದಲೇ ಬೆಟ್ಟ, ಹೊಳೆ, ಮಂಜು, ಬಿದಿರು, ಪಕ್ಷಿ, ಮನುಷ್ಯ ಇವೆಲ್ಲವನ್ನೂ ರೂಪಿಸುವ ಚಿತ್ರಸಂಪ್ರದಾಯವೊಂದು ಚೀನ ದೇಶದಲ್ಲಿ ಹುಟ್ಟಿ, ಕ್ರಿ. ಶ. ೧೩ ಮತ್ತು ೧೪ನೆಯ ಶತಮಾನಗಳಲ್ಲಿ ಜಪಾನಿನಲ್ಲಿ ನೆಲೆಗೊಂಡು, ಅಲ್ಲಿ ಇಂದಿನವರೆಗೂ ನಡೆದುಬಂದಿದೆ. ಆ ದೇಶದ ಭಾಷೆಯಲ್ಲಿ ಇದಕ್ಕೆ 'ಸುಮಿ-ಎ' ಎಂದೂ 'ಸುಯ್‌ಬೊಕು-ಗ' ಎಂದೂ ಎರಡು ಹೆಸರುಗಳುಂಟು. ಮೊದಲನೆಯದಕ್ಕೆ ಮಸಿಯ ಚಿತ್ರವೆಂದೂ ಎರಡನೆಯದಕ್ಕೆ ನೀರು-ಮಸಿಗಳ ಚಿತ್ರವೆಂದೂ ಅರ್ಥ. ಎರಡನೆಯ ಹೆಸರೇ ಹೆಚ್ಚು ಅನ್ವರ್ಥವಾದುದು. ಏಕೆಂದರೆ ಈ ಕಲೆಯಲ್ಲಿ ಮಸಿ ಎಷ್ಟು ಮುಖ್ಯವೋ ನೀರೂ ಅಷ್ಟೇ ಮುಖ್ಯ.

ಈ ಚಿತ್ರಗಳನ್ನು ಕುರಿತು ಬರೆಯುವವರಲ್ಲಿ ಹಲವರು ಹೇಳುವ ಮಾತೊಂದುಂಟು. ಚಿತ್ರಕಾರನು ಕುಂಚವನ್ನು ಒಂದೇ ಸಾರಿ ಎಳೆಯುವನು. ಎಳೆದುದನ್ನು ಮತ್ತೆ ಮುಟ್ಟನು, ತಿದ್ದನು, ಅಳಿಸನು. ಹೀಗೇಕೆಂದರೆ, ಇದು ಜೆನ್ ಮತದ ಭಿಕ್ಷುಗಳ ಕಲೆ. ಧ್ಯಾನದಿಂದ ತಿಳಿಯಾದ ಚಿತ್ತದಲ್ಲಿ ಹೊಳೆದುದು ಎರಡನೆಯ ಯೋಚನೆಯನ್ನು ಸಹಿಸದು. ಆದುದರಿಂದ ಇಲ್ಲಿ ದ್ರವ್ಯವು ಗೌಣ, ಚಿತ್ತವೇ ಪ್ರಧಾನ ಎಂದು. ನಮ್ಮ 'ಧ್ಯಾನ' ಶಬ್ದವೇ ಚೀನದಲ್ಲಿ 'ಚಾನ್' ಎಂದಾಗಿ ಜಪಾನಿನಲ್ಲಿ 'ಜೆನ್' ಆಗಿರುವುದರಿಂದ, ಈ ವ್ಯಾಖ್ಯಾನವು ನಮ್ಮವರಿಗೆ ಬಹಳ ರುಚಿಸಿರುವುದೂ ಸಹಜವೇ. ಇದನ್ನು ಪೂರ್ವಪಕ್ಷವೆಂದು ಇಟ್ಟುಕೊಳ್ಳೋಣ.

ಇದಕ್ಕೆ ನಮ್ಮ ಆಕ್ಷೇಪವಿಷ್ಟು. ಕಾರ್ಯಕಾರಣಭಾವವನ್ನು ಹೇಳುವವನು ಅನ್ವಯವನ್ನೂ ವ್ಯತಿರೇಕವನ್ನೂ ತೋರಿಸಬೇಕು. ಜೆನ್ ಮತವೇ ಈ ರೀತಿಗೆ ಕಾರಣವಾದರೆ, ಆ ಮತವಿದ್ದಲ್ಲೆಲ್ಲ ಈ ರೀತಿಯಿರಬೇಕು. ಅದು ಇಲ್ಲದಲ್ಲಿ ಇದೂ ಇರಬಾರದು. ವಸ್ತುಸ್ಥಿತಿ ಹಾಗಿಲ್ಲ. ಅದೇ ಜೆನ್ ಮಠಗಳಲ್ಲಿ ಗುರುಗಳ ಭಾವಚಿತ್ರಗಳನ್ನು ರೇಷ್ಮೆಯ ಮೇಲೆ ಬಣ್ಣಗಳಿಂದ, ಕೂದಲೆಳೆಯಷ್ಟು ಸಣ್ಣ ಗೆರೆಗಳಿಂದ, ಪದರದ ಮೇಲೆ ಪದರವಿಟ್ಟು ನಿಧಾನವಾಗಿ ಬರೆಯುತ್ತಿದ್ದರು. ಕ್ಯೋಟೋ ನಗರದ ತೋಫುಕು-ಜಿ ಮಠದ ಭಿಕ್ಷುವಾದ ಮಿಂಚೋ (೧೩೫೨–೧೪೩೧) ಎಂಬಾತನು ೧೪೦೮ರಲ್ಲಿ ಬರೆದ ಬುದ್ಧನಿರ್ವಾಣದ ಮಹಾಚಿತ್ರವು ವರ್ಣಮಯವಾದುದು, ಶ್ರಮಸಾಧ್ಯವಾದುದು. ಚಿತ್ತವು ಅದೇ, ಮಠವು ಅದೇ. ರೀತಿ ಮಾತ್ರ ಬೇರೆ. ಇನ್ನು ವ್ಯತಿರೇಕವನ್ನು ನೋಡಿದರೆ, ಜಪಾನಿನ ಮಸೀಚಿತ್ರಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವೆನ್ನಬಹುದಾದ 'ಪೈನ್ ಮರಗಳು' ಎಂಬ ಜೋಡಿ ತೆರೆಗಳನ್ನು ಬರೆದ ಹಾಸೆಗಾವಾ ತೋಹಾಕು (೧೫೩೯–೧೬೧೦) ಎಂಬವನು ನಿಚಿರೆನ್ ಪಂಥದ ಪರಿಸರದಲ್ಲಿ ಬೆಳೆದು, ಆ ಪಂಥದ ದೇವತಾಚಿತ್ರಗಳನ್ನು ಬರೆಯುತ್ತ ವೃತ್ತಿಯನ್ನು ಆರಂಭಿಸಿದವನು. ಹೀಗಿರಲು ಕಾರಣವನ್ನು ಬೇರೆಡೆಯಲ್ಲಿ ಹುಡುಕಬೇಕಾಗಿದೆ. ಅದು ಕಾಡಿಗೆ, ಸರೇಸು, ಕೂದಲು, ಕಾಗದ ಇವುಗಳಲ್ಲಿ ದೊರೆಯುವುದೆಂಬುದೇ ಈ ಲೇಖನದ ಪ್ರತಿಪಾದ್ಯ.

ಮೊದಲು ಈ ದ್ರವ್ಯಗಳು ಜಪಾನಿಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ನೋಡಬಹುದು. ಆ ದೇಶದ ಪ್ರಾಚೀನ ಇತಿಹಾಸಗ್ರಂಥವಾದ 'ನಿಹೋನ್ ಶೋಕಿ'ಯು (ಕ್ರಿ. ಶ. ೭೨೦) ಸುಯಿಕೋ ಎಂಬ ರಾಣಿಯ ಆಳಿಕೆಯ ೧೮ನೆಯ ವರ್ಷದಲ್ಲಿ, ಎಂದರೆ ೬೧೦ರಲ್ಲಿ, ಕೊರಿಯದ ಕೊಗುರ್ಯೊ ರಾಜ್ಯದಿಂದ ದೊಂಚೋ ಎಂಬ ಭಿಕ್ಷುವು ಬಂದನೆಂದೂ, ಅವನು ಬಣ್ಣ, ಕಾಗದ, ಮಸಿ ಇವುಗಳನ್ನು ಮಾಡಬಲ್ಲವನಾಗಿದ್ದನೆಂದೂ ಹೇಳುತ್ತದೆ. ಧರ್ಮದೊಡನೆ ಗ್ರಂಥ, ಗ್ರಂಥದೊಡನೆ ಮಸಿ ಎಂಬ ಕ್ರಮವು ಏಷ್ಯಾಖಂಡದಲ್ಲೆಲ್ಲ ಕಂಡುಬರುವಂತಹುದು. ಎಂಟನೆಯ ಶತಮಾನದ ಮಸಿಯ ಬಿಲ್ಲೆಗಳೂ ಕುಂಚಗಳೂ ನಾರಾ ನಗರದಲ್ಲಿರುವ ಶೋಸೋಇನ್ ಎಂಬ ಭಂಡಾರದಲ್ಲಿ ಈಗಲೂ ಸುರಕ್ಷಿತವಾಗಿವೆ. ಅವುಗಳಲ್ಲಿ ಚೀನದ್ದೂ ಕೊರಿಯದ್ದೂ ಸೇರಿವೆ.

ಆ ಭಂಡಾರದ ಕುಂಚಗಳಲ್ಲಿ ಒಂದರ ವಿಷಯವನ್ನು ಭಾರತೀಯರಾದ ನಾವು ಮರೆಯುವಂತಿಲ್ಲ. ೭೫೨ರಲ್ಲಿ ನಾರಾದ ತೋದೈ-ಜಿ ದೇವಾಲಯದಲ್ಲಿ ವೈರೋಚನ ಬುದ್ಧನ ಮಹಾವಿಗ್ರಹಕ್ಕೆ ನೇತ್ರೋನ್ಮೀಲನವಾಯಿತು. ಆ ಸಂಸ್ಕಾರವನ್ನು ನಡೆಸಿದವನು ೭೩೬ರಲ್ಲಿ ಚೀನದ ಮಾರ್ಗವಾಗಿ ಜಪಾನಿಗೆ ಹೋಗಿದ್ದ ಬೋಧಿಸೇನನೆಂಬ ಭಾರತೀಯ ಭಿಕ್ಷು. ದಕ್ಷಿಣಭಾರತದ ಬ್ರಾಹ್ಮಣನೆಂದು ಆ ದೇಶದ ದಾಖಲೆಗಳು ಅವನನ್ನು ಹೇಳುತ್ತವೆ. ಅವನು ಹಿಡಿದ ಕುಂಚಕ್ಕೆ ನೀಲಿ ಬಣ್ಣದ ಉದ್ದವಾದ ರೇಷ್ಮೆಯ ಹುರಿಯನ್ನು ಕಟ್ಟಿ, ನೆರೆದ ಜನರು ಅದನ್ನು ಹಿಡಿದುಕೊಂಡು ಆ ಪುಣ್ಯದಲ್ಲಿ ಭಾಗಿಗಳಾದರಂತೆ. ಆ ಕುಂಚವೂ ಹುರಿಯೂ ಇಂದಿಗೂ ಇವೆ. ಯುದ್ಧದಲ್ಲಿ ಬೆಂದುಹೋದ ವಿಗ್ರಹವನ್ನು ಸರಿಪಡಿಸಿ ೧೧೮೫ರಲ್ಲಿ ಮತ್ತೆ ನೇತ್ರೋನ್ಮೀಲನ ಮಾಡಿದಾಗ, ಸಂನ್ಯಾಸಿಯಾಗಿದ್ದ ಗೋ-ಶಿರಾಕಾವಾ ಚಕ್ರವರ್ತಿಯು ಇದೇ ಕುಂಚವನ್ನು ಹೊರತೆಗೆಯಿಸಿ ಬಳಸಿದನು. ಆ ಸಂಗತಿಯನ್ನು ಕುಂಚದ ಕಾವಿನ ಮೇಲೆಯೇ ಬರೆದಿದೆ. ನಾಲ್ಕು ನೂರು ವರ್ಷಗಳ ಅನಂತರವೂ ಕೈಗೆ ಒದಗಿದ ಕುಂಚವೆಂದರೆ, ಉಪಕರಣಗಳ ವಿಷಯದಲ್ಲಿ ಆ ಜನರಿಗಿರುವ ಆದರವು ಎಂತಹುದೆಂದು ಊಹಿಸಬಹುದು.

ಇನ್ನು ಮಸಿಯ ವಿಚಾರ. ನಾವು ಕಾಡಿಗೆಯನ್ನು ಗೋಂದಿನ ನೀರಿನಲ್ಲಿ ಅರೆದು ಮಸಿಕುಡಿಕೆಯಲ್ಲಿ ತುಂಬಿಡುತ್ತಿದ್ದೆವು. ಜಪಾನೀಯರ ಮಸಿಯಾದರೋ ಒಣಗಿದ ಬಿಲ್ಲೆಯ ರೂಪದಲ್ಲಿರುವುದು. ಬರೆಯುವ ಹೊತ್ತಿಗೆ ಬೇಕಾದಷ್ಟನ್ನೇ ಕಲ್ಲಿನ ಮೇಲೆ ನೀರು ಹಾಕಿ ತೇಯ್ದುಕೊಳ್ಳಬೇಕು. ದೇವರ ಪೂಜೆಗೆ ಗಂಧವನ್ನು ತೇಯ್ದಂತೆಯೇ ಸರಿ. ಇದರಲ್ಲಿ ಎರಡು ಜಾತಿಗಳುಂಟು: ಪೈನ್ ಮರದ ರಾಳವುಳ್ಳ ಕಟ್ಟಿಗೆಯನ್ನು ಸುಟ್ಟು ಹಿಡಿದ ಕಾಡಿಗೆಯಿಂದ ಆದುದು ಒಂದು; ಎಣ್ಣೆಯ ದೀಪದ ಕಾಡಿಗೆಯಿಂದ ಆದುದು ಇನ್ನೊಂದು. ಮೊದಲನೆಯದೇ ಪ್ರಾಚೀನವಾದುದು. ಎಣ್ಣೆಯ ಮಸಿಯು ಮುರೋಮಾಚಿ ಕಾಲದಲ್ಲಿ ನಾರಾದ ಕೋಫುಕು-ಜಿ ಮಠದಲ್ಲಿ, ದೇವರ ಮುಂದಿನ ದೀಪಗಳ ಕಾಡಿಗೆಯನ್ನು ಸಂಗ್ರಹಿಸಿ ಮಾಡುವುದರಿಂದ ಬೆಳೆಯಿತೆಂದು ಹೇಳುತ್ತಾರೆ. ೧೫೭೭ರಲ್ಲಿ ಅದೇ ಊರಿನಲ್ಲಿ ಸ್ಥಾಪಿತವಾದ ಕೋಬೈಎನ್ ಎಂಬ ಮಸಿಯ ಮನೆಯು ಇಂದಿಗೂ ತನ್ನ ಕೆಲಸವನ್ನು ನಡೆಸುತ್ತಿದೆ.

ಅಲ್ಲಿಯ ವಿಧಾನ ಹೀಗೆ. ಗಾಳಿಯಾಡದ ಕೋಣೆಯಲ್ಲಿ ಮಣ್ಣಿನ ಹಣತೆಗಳನ್ನು ಸಾಲಾಗಿಟ್ಟು, ಎಳ್ಳು, ಸಾಸಿವೆಯ ಜಾತಿಯ ಬೀಜ ಮೊದಲಾದವುಗಳ ಎಣ್ಣೆಯನ್ನು ಹೊಯ್ದು, ಜೊಂಡಿನ ತಿರುಳಿನ ಬತ್ತಿಯನ್ನು ಹೊತ್ತಿಸುವರು. ಬತ್ತಿ ತೆಳುವಾದಷ್ಟೂ ಕಾಡಿಗೆ ನವುರು. ಪ್ರತಿಯೊಂದು ಹಣತೆಯ ಮೇಲೂ ಮಣ್ಣಿನ ಮುಚ್ಚಳವಿರುವುದು. ಅದನ್ನು ಆಗಾಗ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತಿರಬೇಕು, ಇಲ್ಲವಾದರೆ ಒಂದೇ ಕಡೆ ಕಾಡಿಗೆ ಕಟ್ಟಿಕೊಂಡು ಉರಿ ತಗಲಿ ಕೆಡುವುದು. ಹೀಗೆ ಹಿಡಿದ ಕಾಡಿಗೆಗೆ, ನೀರಿನಲ್ಲಿ ಕರಗಿಸಿದ ತೊಗಲಿನ ಅಂಟನ್ನು ಸೇರಿಸುವರು. ಅಲ್ಲಿ ಇದಕ್ಕೆ 'ನಿಕಾವಾ' ಎಂದು ಹೆಸರು. ನಮ್ಮ ಬಡಗಿಗಳು ಸರೇಸು ಎನ್ನುವುದು ಇದನ್ನೇ. ಕಾಡಿಗೆ ಹತ್ತು ಭಾಗಕ್ಕೆ ಸರೇಸು ಸುಮಾರು ಆರು ಭಾಗ. ಸರೇಸಿನ ನಾತವನ್ನು ಅಡಗಿಸಲು ಕರ್ಪೂರ ಕಸ್ತೂರಿಗಳಂತಹ ಸುಗಂಧವನ್ನೂ ಕೂಡಿಸಿ, ಕಣಕವನ್ನು ನಾದುವಂತೆ ಕೈಯಿಂದಲೂ ಕಾಲಿನಿಂದಲೂ ನಾದಿ, ಮರದ ಅಚ್ಚುಗಳಲ್ಲಿ ಒತ್ತುವರು. ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಹಸಿಯ ಬಿಲ್ಲೆಯನ್ನು ಬಿಸಿಲಿಗಿಟ್ಟರೆ ಸೀಳುವುದು. ಅದಕಾಗಿ ಅದನ್ನು ಮರದ ಬೂದಿಯಲ್ಲಿ ಹೂಳಿ, ಮೊದಲ ದಿನ ತೇವವಾದ ಬೂದಿ, ಮರುದಿನ ಅದಕ್ಕಿಂತ ಒಣಗಿದ ಬೂದಿ, ಹೀಗೆ ದಿನದಿನಕ್ಕೂ ಬದಲಾಯಿಸುತ್ತ ನೀರನ್ನು ಮೆಲ್ಲಗೆ ಹೊರಸೆಳೆಯುವರು. ಸಣ್ಣ ಬಿಲ್ಲೆಗೆ ಒಂದು ವಾರ ಸಾಕು. ದೊಡ್ಡದಕ್ಕೆ ತಿಂಗಳಿಗೂ ಮೇಲೆ ಬೇಕು. ಬಳಿಕ ಹುಲ್ಲಿನ ಹಗ್ಗದಲ್ಲಿ ಹೆಣೆದು ಸೂರಿನಿಂದ ತೂಗುಹಾಕುವರು. ಈ ಕೆಲಸವೆಲ್ಲ ನಡೆಯುವುದು ಚಳಿಗಾಲದಲ್ಲಿ. ಸೆಕೆಯಲ್ಲಿ ಸರೇಸು ಕೊಳೆಯುವುದು.

ಸರೇಸಿನ ವಿಷಯವನ್ನು ಇಷ್ಟು ವಿಸ್ತರಿಸುವುದಕ್ಕೆ ಕಾರಣವಿದೆ. ಕಾಡಿಗೆಯ ಕಣಕ್ಕೆ ನೀರು ಒಗ್ಗದು. ಬರಿಯ ಕಾಡಿಗೆಯನ್ನು ನೀರಿಗೆ ಹಾಕಿದರೆ ಮೇಲೆ ತೇಲುವುದು, ಇಲ್ಲವೆ ಮುದ್ದೆಗಟ್ಟುವುದು. ಸರೇಸು ಒಂದೊಂದು ಕಣವನ್ನೂ ಕವಚದಂತೆ ಆವರಿಸಿಕೊಂಡು, ಅವು ಒಂದಕ್ಕೊಂದು ಅಂಟದಂತೆ ತಡೆದು, ನೀರಿನಲ್ಲಿ ತೇಲಾಡಿಸುತ್ತದೆ. ಒಣಗಿದ ಮೇಲೆ ಅದೇ ಸರೇಸು ಕಣಗಳನ್ನು ಕಾಗದದ ನಾರಿಗೆ ಬಿಗಿಯುತ್ತದೆ. ಬೇರೆಯಾಗಿರಿಸುವುದೂ ಅದೇ, ಸೇರಿಸುವುದೂ ಅದೇ. ಹೊಸ ಬಿಲ್ಲೆಯಲ್ಲಿ ಸರೇಸಿನ ಬಲ ಹೆಚ್ಚು; ಮಸಿ ಜಿಗುಟಾಗಿರುವುದು, ಕುಂಚ ಭಾರವಾಗಿ ನಡೆಯುವುದು. ವರ್ಷಗಳು ಕಳೆದಂತೆ ಸರೇಸು ತಾನಾಗಿಯೇ ಸಡಿಲಗೊಂಡು, ತೇಯ್ದ ಮಸಿ ಹಗುರವಾಗಿ, ನೀರಾಗಿಸಿದಾಗ ಅಂಚುಗಳು ಮಂಜಿನಂತೆ ಕರಗುವುವು. ಆದಕಾರಣ ಹಳೆಯ ಮಸಿಗೆ ಬೆಲೆ ಹೆಚ್ಚು. ಆದರೆ ಅತಿ ಹಳತಾದರೆ ಸರೇಸು ಪೂರ್ತಿ ಸತ್ತು, ಕಾಡಿಗೆ ನಾರನ್ನು ಹಿಡಿಯದೆ ಹೋಗುವುದೂ ಉಂಟು. ತೇಯ್ದು ರಾತ್ರಿ ಉಳಿಸಿದ ಮಸಿಯಲ್ಲಿಯೂ ಇದೇ ದೋಷ: ಕಣಗಳು ಮತ್ತೆ ಗುಂಪುಗೂಡುವುವು. ಚಳಿ ಹೆಚ್ಚಾದರೆ ಸರೇಸು ಹೆಪ್ಪುಗಟ್ಟುವುದರಿಂದ ಚಳಿಗಾಲದಲ್ಲಿ ಕಲ್ಲನ್ನು ಬೆಚ್ಚಗೆ ಇಟ್ಟುಕೊಳ್ಳುವರು.

ತೊಗಲಿನ ಅಂಟು ನಮ್ಮವರಿಗೆ ತಿಳಿಯದ ವಸ್ತುವೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದ ಚಿತ್ರಪ್ರಕರಣದಲ್ಲಿ, ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೂ ಬೇಯಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಟ್ಟುಕೊಳ್ಳುವ ವಜ್ರಲೇಪವು ವಿಹಿತವಾಗಿದೆ. ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಅಂಟಿಸಿ ಕುಂಚವನ್ನು ಮಾಡುವ ಕ್ರಮವೂ ಇದೆ. ಕಾಡಿಗೆ, ಸರೇಸು, ಕೂದಲು ಈ ಮೂರೂ ಹನ್ನೆರಡನೆಯ ಶತಮಾನದ ಕರ್ಣಾಟಕದಲ್ಲಿದ್ದುವು. ಆದರೂ ನೀರು-ಮಸಿಯ ಚಿತ್ರವು ಇಲ್ಲಿ ಹುಟ್ಟಲಿಲ್ಲ. ಇಲ್ಲಿಯವರು ಬರೆಯುತ್ತಿದ್ದುದು ಲೇಪ ಸವರಿ ನುಣುಪು ಮಾಡಿದ ಗೋಡೆಯ ಮೇಲೆ. ಆ ಗೋಡೆ ನೀರನ್ನು ಕುಡಿಯುವುದಿಲ್ಲ. ಕುಡಿಯುವ ತಲವು ಯಾವುದೆಂಬುದನ್ನು ಮುಂದೆ ನೋಡುವೆವು.

ಪೈನ್ ಮಸಿಗೂ ಎಣ್ಣೆಯ ಮಸಿಗೂ ಇರುವ ಭೇದವು ದಟ್ಟವಾಗಿ ಬರೆದಾಗ ಅಷ್ಟಾಗಿ ತಿಳಿಯದು. ನೀರು ಬೆರೆಸಿದಾಗ ಬಯಲಾಗುವುದು. ಎಣ್ಣೆಯ ಕಾಡಿಗೆಯ ಕಣಗಳು ಸಣ್ಣವು, ಸಮವಾದುವು. ಅದರ ತಿಳಿಮಸಿಯಲ್ಲಿ ಕಂದು ಛಾಯೆ ಇರುವುದು. ಪೈನ್ ಕಾಡಿಗೆಯ ಕಣಗಳು ಹೆಚ್ಚುಕಡಿಮೆಯಾದ ಗಾತ್ರದವು. ತಿಳಿಮಸಿಯಲ್ಲಿ ನೀಲಿಯ ಛಾಯೆ. ದೂರದ ಬೆಟ್ಟಕ್ಕೂ ಮಂಜಿಗೂ ಈ ನೀಲಿ ಒದಗಿಬರುವುದು. ಮಸಿಯೊಂದರಲ್ಲಿಯೇ ಐದು ಬಣ್ಣಗಳಿವೆಯೆಂದು ಚೀನದ ಚಿತ್ರಶಾಸ್ತ್ರಜ್ಞರು ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ಹೇಳಿದ್ದಾರೆ. ಅದು ಬರಿಯ ಅರ್ಥವಾದವಲ್ಲವೆಂಬುದು ಇದರಿಂದ ತಿಳಿಯುವುದು.

ತೇಯುವ ಕಲ್ಲಿಗೆ 'ಸುಜುರಿ' ಎಂದು ಹೆಸರು. ಚೀನದ ಗ್ವಾಂಗ್‌ಡಾಂಗ್ ಪ್ರಾಂತದ ದುವಾನ್ ಕಲ್ಲು ಸರ್ವೋತ್ತಮವೆಂದು ಪ್ರಸಿದ್ಧ. ಜಪಾನಿನಲ್ಲಿ ಅಕಾಮಾ, ಅಮೆಹಾತಾ, ಒಗಾತ್ಸು ಎಂಬ ಕಲ್ಲುಗಳಿವೆ. ಕಲ್ಲಿನ ಎತ್ತರದ ಭಾಗವನ್ನು 'ನೆಲ'ವೆಂದೂ ಮಸಿ ಇಳಿದು ನಿಲ್ಲುವ ತಗ್ಗನ್ನು 'ಸಮುದ್ರ'ವೆಂದೂ ಕರೆಯುವುದು ಸೊಗಸಾಗಿದೆ. ಕಲ್ಲಿನ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಿರಬೇಕು. ಅವು ಒರಟಾದರೆ ಮಸಿಯೂ ಒರಟು. ಅವು ಸವೆದರೆ ಬಿಲ್ಲೆ ಜಾರುವುದು.

ಕುಂಚದ ವಿಷಯದಲ್ಲಿ ಜಪಾನಿನಲ್ಲಿ ಹಳೆಯದೊಂದು ಬರೆಹವಿದೆ. ಮಂತ್ರಯಾನವನ್ನು ಚೀನದಿಂದ ತಂದ ಕೂಕಾಯ್ ಎಂಬ ಆಚಾರ್ಯನು ೮೧೨ರಲ್ಲಿ ಸಾಗ ಚಕ್ರವರ್ತಿಗೆ 'ತನುಕಿ' ಎಂಬ ನರಿಯ ಕುಲದ ಪ್ರಾಣಿಯ ಕೂದಲಿನಿಂದ ಮಾಡಿಸಿದ ನಾಲ್ಕು ಕುಂಚಗಳನ್ನು ಕಾಣಿಕೆಯಾಗಿ ಒಪ್ಪಿಸಿ, ಜೊತೆಗೆ ಒಂದು ವಿಜ್ಞಾಪನೆಯನ್ನೂ ಬರೆದನು. ತಾನು ಚೀನದಲ್ಲಿ ಕಂಡ ಕ್ರಮವನ್ನು ಕುಂಚ ಮಾಡುವವನಿಗೆ ಕಲಿಸಿ ಮಾಡಿಸಿದುದಾಗಿ ಅದರಲ್ಲಿ ಹೇಳಿದ್ದಾನೆ. ಕೂದಲಿನ ಗುಣವನ್ನು ಅನುಸರಿಸಿ ಕುಂಚದ ಗುಣ. ಆಡಿನ ಕೂದಲು ಮೃದು. ನೀರನ್ನು ಬಹಳವಾಗಿ ಹೀರಿ ಮೆಲ್ಲಗೆ ಬಿಡುವುದು, ಆದರೆ ಬಾಗಿದರೆ ಬೇಗ ನೆಟ್ಟಗಾಗದು. ಕುದುರೆಯದೂ ಜಿಂಕೆಯದೂ ಗಡುಸು. ಮುಂಗುಸಿಯನ್ನು ಹೋಲುವ 'ಇತಾಚಿ'ಯ ಬಾಲದ ಕೂದಲು ಸಣ್ಣದಾಗಿದ್ದರೂ ಪುಟಿಯುವಂತಹುದು, ಸೂಕ್ಷ್ಮರೇಖೆಗೆ ಯೋಗ್ಯವಾದುದು. ಚಿತ್ರಕಾರನು ಬಯಸುವ ಗುಣಗಳು ಪರಸ್ಪರವಿರುದ್ಧ: ಹೊಟ್ಟೆಯಲ್ಲಿ ನೀರು ನಿಲ್ಲಬೇಕು, ತುದಿ ಸೂಜಿಯಂತೆ ಕೂಡಬೇಕು, ಒತ್ತಿದರೆ ಹರಡಬೇಕು, ಎತ್ತಿದರೆ ಮತ್ತೆ ಸೇರಬೇಕು. ಇದಕ್ಕಾಗಿ ನಾನಾ ಬಗೆಯ, ನಾನಾ ಉದ್ದದ ಕೂದಲನ್ನು ಬೆರೆಸಿ ಕಟ್ಟುವರು. ಶೋಸೋಇನ್ ಭಂಡಾರದ ಪ್ರಾಚೀನ ಕುಂಚಗಳಲ್ಲಿ ನಡುವಣ ಕೂದಲಿಗೆ ಕಾಗದವನ್ನು ಸುತ್ತಿ ಬಿಗಿಮಾಡಿದೆ. ಅವುಗಳಲ್ಲಿ ತುದಿ ಮಾತ್ರ ಬಾಗುವುದು. ಸೂತ್ರಗ್ರಂಥಗಳನ್ನು ಪ್ರತಿಮಾಡುವುದಕ್ಕೆ ಅದು ಬಹಳ ಅನುಕೂಲ. ನೀರನ್ನು ತುಂಬಿಕೊಂಡು ಬೆಟ್ಟದ ಮೈಯನ್ನು ಒಂದೇ ಎಳೆತಕ್ಕೆ ತೋಯಿಸುವುದಕ್ಕೆ ಅದರಿಂದಾಗದು. ವಿಶಾಲವಾದ ತಲಕ್ಕೆ ಚಪ್ಪಟೆಯಾದ 'ಹಾಕೆ'ಯನ್ನೂ, ಹಲವು ಕುಂಚಗಳನ್ನು ಸಾಲಾಗಿ ಜೋಡಿಸಿದುದನ್ನೂ ಬಳಸುವರು.

ಇನ್ನು ಮೇಲೆ ಹೇಳಿದ, ನೀರು ಕುಡಿಯುವ ತಲ. ಅದೇ ಕಾಗದ. ಜಪಾನೀಯರ ಕಾಗದವು ಹಿಪ್ಪುನೇರಳೆಯ ಬಳಗಕ್ಕೆ ಸೇರಿದ ಕೋಜೊ, ಹಾಗೆಯೇ ಮಿತ್ಸುಮಾತಾ, ಗಂಪಿ ಎಂಬ ಗಿಡಗಳ ಒಳತೊಗಟೆಯ ನಾರಿನಿಂದ ಆಗುವುದು. ಕೋಜೊ ನಾರು ಉದ್ದ, ಗಟ್ಟಿ, ಗಂಪಿ ನುಣುಪು. ಕೈಯಿಂದ ಮಾಡಿದ ಕಾಗದವು ತನ್ನ ಸಹಜಸ್ಥಿತಿಯಲ್ಲಿ ಮಸಿಯನ್ನು ತಕ್ಷಣ ಹೀರುವುದು. ಹೀರದಿರಬೇಕಾದರೆ ಸರೇಸನ್ನೂ ಪಟಿಕವನ್ನೂ ನೀರಿನಲ್ಲಿ ಕರಗಿಸಿದ 'ದೋಸಾ' ಎಂಬುದನ್ನು ಮೊದಲೇ ಸವರಿ ಒಣಗಿಸಬೇಕು. ದೋಸಾ ಹಾಕಿದ್ದೋ ಹಾಕದ್ದೋ ಎಂಬುದರ ಮೇಲೆ ಕುಂಚವಿಧಾನವೆಲ್ಲ ನಿಂತಿದೆ ಎಂದರೆ ತಪ್ಪಾಗಲಾರದು.

ದೋಸಾ ಹಾಕದ ಕಾಗದದ ಮೇಲೆ ತಿಳಿಮಸಿಯ ಒಂದು ಗೆರೆಯನ್ನು ಎಳೆದರೆ ಆಗುವುದೇನು? ಕುಂಚ ಮುಟ್ಟಿದೆಡೆಯಲ್ಲಿ ಕಾಡಿಗೆಯ ಕಣಗಳು ನಾರಿಗೆ ಸಿಕ್ಕಿಕೊಂಡು ನಿಲ್ಲುವುವು; ನೀರು ಮಾತ್ರ ಅತಿಸೂಕ್ಷ್ಮ ಕಣಗಳೊಡನೆ ಎರಡು ಪಕ್ಕಕ್ಕೂ ಹರಿಯುವುದು. ಹೀಗೆ ನಡುವೆ ಗೆರೆಯ ಮೈ, ಸುತ್ತ ಮಬ್ಬಾದ ಪ್ರಭೆ ಎಂದು ಎರಡು ಭಾಗಗಳು ಏರ್ಪಡುವುವು. ಈ ಪ್ರಭೆಗೆ 'ನಿಜಿಮಿ' ಎಂದು ಹೆಸರು. ಅದು ಒಣಗಿದ ಮೇಲೆ ಅದನ್ನು ಅಡ್ಡಹಾಯುವಂತೆ ಎರಡನೆಯ ಗೆರೆಯನ್ನು ಎಳೆದರೆ ಒಂದು ವಿಚಿತ್ರವು ಕಾಣುವುದು. ಆಮೇಲೆ ಎಳೆದ ಗೆರೆ ಮೇಲಿರಬೇಕಲ್ಲವೆ? ಹಾಗಾಗದೆ, ಮೊದಲು ಎಳೆದ ಗೆರೆಯೇ ಮೇಲಿರುವಂತೆಯೂ ಎರಡನೆಯದು ಅದರ ಹಿಂದೆ ಹಾದುಹೋದಂತೆಯೂ ತೋರುವುದು. ಮೊದಲನೆಯ ಗೆರೆಯ ಜಾಗದಲ್ಲಿ ನಾರುಗಳ ಎಡೆಯೆಲ್ಲ ಕಾಡಿಗೆಯಿಂದಲೂ ಸರೇಸಿನಿಂದಲೂ ತುಂಬಿಹೋಗಿರುವುದರಿಂದ ಎರಡನೆಯ ಮಸಿಗೆ ಅಲ್ಲಿ ಪ್ರವೇಶವಿಲ್ಲ.

ಇದರ ಫಲಿತಾರ್ಥವನ್ನು ಗಮನಿಸಬೇಕು. ತೈಲವರ್ಣದಲ್ಲಿ ಬರೆಯುವವನು ತಪ್ಪಿದರೆ ಅದರ ಮೇಲೆ ಬಳಿದು ಮುಚ್ಚಬಲ್ಲನು. ಹಿಂದಿನದನ್ನು ಮೊದಲು, ಮುಂದಿನದನ್ನು ಬಳಿಕ ಬರೆಯುವನು. ಮಸೀಚಿತ್ರದವನು ಮುಂದಿರುವುದನ್ನು ಮೊದಲು ಬರೆಯಬೇಕು, ಹಿಂದಿರುವುದನ್ನು ಆಮೇಲೆ. ತಪ್ಪಿದ ಗೆರೆಯ ಮೇಲೆ ಮತ್ತೊಂದನ್ನು ಎಳೆದರೆ ಮೊದಲಿನದು ಮರೆಯಾಗದು. ತಪ್ಪು ಒಂದಿದ್ದದ್ದು ಎರಡಾಗುವುದು. ಕುಂಚವನ್ನು ತಡೆದು ನಿಲ್ಲಿಸಿದರೆ ಆ ಕ್ಷಣದಲ್ಲಿಯೇ ಮಸಿ ಹರಡಿ, ಅನುಮಾನಿಸಿದ ಜಾಗವು ಕಲೆಯಾಗಿ ನಿಲ್ಲುವುದು. ತಿದ್ದಬಾರದೆಂಬ ವಿಧಿ ಹುಟ್ಟಿದುದು ಇಲ್ಲಿ. ಅದು ಮೊದಲು ಕಾಗದದ ವಿಧಿ. ಅನಂತರ ಮಠದ ವಿಧಿ.

ಇಂತಹ ತಲದ ಮೇಲೆ ಒಂದೇ ಎಳೆತದಲ್ಲಿ ಎಷ್ಟನ್ನು ಹೇಳಬಹುದೋ ಅಷ್ಟನ್ನೂ ಹೇಳಬೇಕು. ಅದಕ್ಕೆಂದು ಹುಟ್ಟಿದ ಉಪಾಯವೇ 'ಸಾನ್‌ಬೊಕು', ಎಂದರೆ ಮೂರು ಮಸಿಗಳ ಕ್ರಮ. ಕುಂಚವನ್ನು ಮೊದಲು ತಿಳಿಮಸಿಯಲ್ಲಿ ಪೂರ್ತಿಯಾಗಿ ನೆನೆಸಿ, ಹೆಚ್ಚಾದ ನೀರನ್ನು ಬಟ್ಟೆಗೆ ಒರಸಿ, ಅರ್ಧದವರೆಗೆ ನಡುಮಸಿಯನ್ನೂ ತುದಿಗೆ ದಟ್ಟವಾದ ಮಸಿಯನ್ನೂ ತೆಗೆದುಕೊಂಡು, ತಟ್ಟೆಯ ಮೇಲೆ ಒಂದೆರಡು ಬಾರಿ ಸವರಿ ಮೂರನ್ನೂ ಹೊಂದಿಸುವರು. ಈ ಕುಂಚವನ್ನು ಮಲಗಿಸಿ ಅಡ್ಡಲಾಗಿ ಎಳೆದರೆ ಒಂದು ಅಂಚಿನಲ್ಲಿ ಕಪ್ಪು, ಇನ್ನೊಂದು ಅಂಚಿನಲ್ಲಿ ಬಿಳುಪಿಗೆ ಸಮೀಪವಾದ ಬೂದಿ, ನಡುವೆ ಎಲ್ಲ ಮೆಟ್ಟಿಲುಗಳೂ ಒಮ್ಮೆಗೇ ಬೀಳುವುವು. ಬಿದಿರಿನ ಕಾಂಡವನ್ನು ಹೀಗೆಯೇ ಬರೆಯುವರು. ಬುಡದಿಂದ ಮೇಲಕ್ಕೆ, ಬಿದಿರು ಬೆಳೆಯುವ ದಿಕ್ಕಿನಲ್ಲಿಯೇ, ಕುಂಚವನ್ನು ಒತ್ತಿ, ತಳ್ಳಿ, ಗಿಣ್ಣಿನ ಬಳಿ ತಡೆದು ಎತ್ತುವರು. ಕೂದಲೆಳೆಯಷ್ಟು ಜಾಗ ಬಿಟ್ಟು ಮುಂದಿನ ಗೆಣ್ಣನ್ನು ಆರಂಭಿಸುವರು. ಕಾಂಡದ ದುಂಡುತನವೂ ನೆರಳೂ ಬೆಳಕೂ ಆ ಒಂದೇ ಎಳೆತದಲ್ಲಿ ಅಡಗಿವೆ. ಎಲೆಗೆ ಕುಂಚವನ್ನು ನೆಟ್ಟಗೆ ಹಿಡಿದು, ತುದಿಯಿಂದ ಮುಟ್ಟಿ, ಒತ್ತಿ ಅಗಲಮಾಡಿ, ಎತ್ತುತ್ತ ಚೂಪುಮಾಡುವರು. ಮಣಿಕಟ್ಟನ್ನು ಊರದೆ ತೋಳನ್ನು ಗಾಳಿಯಲ್ಲಿಟ್ಟು ಬರೆಯಬೇಕು. ಹೊರರೇಖೆಯಿಲ್ಲದೆ ಮಸಿಯ ಮೈಯಿಂದಲೇ ಆಕಾರವನ್ನು ತರುವ ಈ ಬಗೆಯನ್ನು ೧೮ನೆಯ ಶತಮಾನದಲ್ಲಿ ಮಾರುಯಾಮಾ ಓಕ್ಯೋ (೧೭೩೩–೧೭೯೫) ಮತ್ತು ಅವನ ಶಿಷ್ಯರು 'ತ್ಸುಕೆತಾತೆ' ಎಂಬ ಹೆಸರಿನಲ್ಲಿ ಬಹಳ ಬೆಳೆಸಿದರು. ನಾವು ನೋಡಿದಮಟ್ಟಿಗೆ ಕುಂಚವಿದ್ಯೆಯ ಪರೀಕ್ಷೆ ಬಿದಿರಿನಲ್ಲಾಗುವಂತೆ ಬೆಟ್ಟದಲ್ಲಿ ಆಗದು. ಬೆಟ್ಟವು ಎಷ್ಟೋ ದೋಷಗಳನ್ನು ಮುಚ್ಚಿಕೊಳ್ಳುತ್ತದೆ.

ನೀರು ಕಡಿಮೆಯಾದ ಕುಂಚವನ್ನು ವೇಗವಾಗಿ ಎಳೆದರೆ ಕೂದಲು ಬಿಡಿಬಿಡಿಯಾಗಿ ಮಸಿಯ ನಡುನಡುವೆ ಕಾಗದದ ಬಿಳುಪು ಮಿಂಚ್ಚುವುದುಂಟು. ಇದಕ್ಕೆ 'ಕಸುರೆ' ಎಂದು ಹೆಸರು. ನಿಜಿಮಿಯು ನೀರಿನ ಗುಣವಾದರೆ ಕಸುರೆಯು ನೀರಿನ ಅಭಾವದ ಗುಣ. ತೋಹಾಕುವಿನ ಪೈನ್ ಮರಗಳಲ್ಲಿ ಈ ಎರಡೂ ಒಟ್ಟಿಗೆ ಇವೆ. ಹತ್ತಿರ ಹೋಗಿ ನೋಡಿದರೆ ಒರಟಾದ ಕುಂಚದಿಂದ ರಭಸವಾಗಿ ಗೀರಿದ ಕಪ್ಪು ಗೀರುಗಳು. ದೂರ ನಿಂತರೆ ಮಂಜಿನಲ್ಲಿ ಅಲುಗುವ ಮರಗಳು. ಮಂಜನ್ನು ಅವನು ಬರೆದೇ ಇಲ್ಲ. ಅದು ಬರಿಯ ಕಾಗದ. ಆ ತೆರೆಗಳಲ್ಲಿ ಕಾಗದದ ಜೋಡಣೆಗಳು ಒಂದಕ್ಕೊಂದು ಸರಿಹೊಂದದಿರುವುದರಿಂದ ಅವು ಮೊದಲು ಬೇರೊಂದು ಚಿತ್ರಕ್ಕೆ ಮಾಡಿದ ಕರಡಾಗಿದ್ದಿರಬೇಕೆಂದು ವಿದ್ವಾಂಸರಲ್ಲಿ ಅಭಿಪ್ರಾಯವುಂಟು.

ಒಣಗುವ ಮುನ್ನವೇ ಮಸಿಯ ಮೇಲೆ ಮಸಿ ಹಾಕುವುದು ಇನ್ನೊಂದು ದಾರಿ. ಸೆಸ್ಶೂ (೧೪೨೦–೧೫೦೬) ಎಂಬ ಮಹಾಚಿತ್ರಕಾರನು ೧೪೬೭ರಿಂದ ೧೪೬೯ರವರೆಗೆ ಮಿಂಗ್ ಅರಸರ ಚೀನದಲ್ಲಿದ್ದು ಬಂದವನು. ಅವನು ೧೪೯೫ರಲ್ಲಿ, ತನ್ನ ಬಳಿ ಕಲಿತು ಕಾಮಾಕುರಕ್ಕೆ ಹಿಂತಿರುಗುತ್ತಿದ್ದ ಸೋಎನ್ ಎಂಬ ಶಿಷ್ಯನಿಗೆ ಒಂದು ಗಿರಿಜಲಚಿತ್ರವನ್ನು ಬರೆದುಕೊಟ್ಟನು. ಅದು ಈಗ ತೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಮೊದಲು ತಿಳಿಮಸಿಯಿಂದ ಬೆಟ್ಟದ ಮಬ್ಬು. ಅದು ಹಸಿಯಾಗಿರುವಾಗಲೇ ನಡುಮಸಿ. ಅದರೊಳಗೆ ದಟ್ಟವಾದ ಮಸಿಯ ಕೆಲವು ಏಟುಗಳು. ಒಂದರೊಳಗೊಂದು ಒಡೆದು ಹರಿದು ಮರಗಳೂ ಬಂಡೆಗಳೂ ಆಗಿವೆ. ಕೆಳಗೆ ನಾಲ್ಕಾರು ಗೆರೆಗಳಲ್ಲಿ ಒಂದು ಹೆಂಡದಂಗಡಿಯ ಧ್ವಜ, ದೋಣಿಯಲ್ಲಿ ಇಬ್ಬರು. ಚಿತ್ರದ ಮೇಲೆ ಸೆಸ್ಶೂ ತಾನೇ ಬರೆದಿರುವ ಒಕ್ಕಣೆಯು ನಮ್ಮ ವಾದಕ್ಕೆ ಮುಖ್ಯ ಪ್ರಮಾಣ. ಚೀನದಲ್ಲಿ ಯಾವ ಇಬ್ಬರು ಚಿತ್ರಕಾರರಿಂದ ಬಣ್ಣ ಹಾಕುವುದನ್ನೂ 'ಹಾಬೊಕು' ಎಂಬ ಈ ಮಸಿಯೊಡೆಯುವ ವಿಧಾನವನ್ನೂ ಕಲಿತೆನೆಂಬುದನ್ನು ಅಲ್ಲಿ ಹೆಸರು ಹಿಡಿದು ಹೇಳಿ, ತನ್ನ ದೇಶದ ಜೋಸೆತ್ಸು, ಶೂಬುನ್ ಎಂಬ ಪೂರ್ವಾಚಾರ್ಯರನ್ನು ಸ್ಮರಿಸಿದ್ದಾನೆ. ಸೆಸ್ಶೂ ಸ್ವತಃ ಜೆನ್ ಭಿಕ್ಷು; ಆದರೂ ಶಿಷ್ಯನಿಗೆ ಅವನು ಪ್ರಮಾಣವಾಗಿ ಕೊಟ್ಟದ್ದು ಚಿತ್ರವಿದ್ಯೆಯ ಗುರುಪರಂಪರೆಯನ್ನು, ಒಂದು ಕೈಕೆಲಸದ ವಂಶಾವಳಿಯನ್ನು.

ದೋಸಾ ಹಾಕಿದ, ಬೇಗನೆ ಹೀರದ ಕಾಗದದ ಮೇಲೆ ಇದೇ ಹಸಿಮಸಿಯ ಉಪಾಯವು ಬೇರೊಂದು ರೂಪ ತಾಳುವುದು. ೧೭ನೆಯ ಶತಮಾನದ ಆರಂಭದ ತಾವರಾಯಾ ಸೋತಾತ್ಸು ಎಂಬವನು ಹಾಸಿದ ಮಸಿ ಕೆರೆಯಂತೆ ನಿಂತಿರುವಾಗಲೇ ಅದರಲ್ಲಿ ಇನ್ನೊಂದು ಮಸಿಯನ್ನೋ ನೀರನ್ನೋ ತೊಟ್ಟಿಕ್ಕಿ, ಅವೆರಡೂ ತಾವಾಗಿ ಬೆರೆತು ಒಣಗಲು ಬಿಡುತ್ತಿದ್ದನು. ಇದು 'ತರಶಿಕೋಮಿ'. ಕ್ಯೋಟೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಅವನ ತಾವರೆಕೊಳದ ನೀರುಹಕ್ಕಿಗಳ ಚಿತ್ರದಲ್ಲಿ ಈ ವಿಧಾನದ ಪರಿಪಾಕವನ್ನು ಕಾಣಬಹುದು. ಕಾಗದವು ಒಡನೆ ಕುಡಿದಿದ್ದರೆ ಇದು ಸಾಧ್ಯವೇ ಆಗುತ್ತಿರಲಿಲ್ಲ.

ಹಾಗಾದರೆ ಚಿತ್ತಕ್ಕೆ ಇಲ್ಲಿ ಏನೂ ಕೆಲಸವಿಲ್ಲವೇ ಎಂದರೆ, ಹಾಗೆ ನಾವು ಹೇಳುವುದಿಲ್ಲ. ಕುಂಭಕ್ಕೆ ಮಣ್ಣು ಉಪಾದಾನವಾದರೂ ಕುಂಬಾರನು ನಿಮಿತ್ತನಾಗಿಯೇ ಇರುವನು. ಈ ಚರ್ಚೆ ಜಪಾನೀಯರಲ್ಲಿಯೇ ನಡೆದಿದೆ. ಕಾನೋ ಮನೆತನದ ಯಾಸುನೋಬು ಎಂಬವನು ೧೬೮೦ರಲ್ಲಿ ರಚಿಸಿದ 'ಗದೋ ಯೋಕೆತ್ಸು' ಎಂಬ ಗ್ರಂಥದಲ್ಲಿ ಚಿತ್ರವನ್ನು ಸಹಜಶಕ್ತಿಯಿಂದ ಆದುದು, ಅಭ್ಯಾಸದಿಂದ ಆದುದು ಎಂದು ಎರಡಾಗಿ ವಿಂಗಡಿಸಿ, ಮುಂದಿನವರಿಗೆ ಕಲಿಸಿಕೊಡಲು ಬರುವುದು ಎರಡನೆಯದೇ ಆದುದರಿಂದ ಅದಕ್ಕೆ ಹೆಚ್ಚಿನ ಗೌರವವನ್ನು ಕೊಟ್ಟಿದ್ದಾನೆ. ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳಲ್ಲಿ ಯಾವುದು ಕಾವ್ಯಕ್ಕೆ ಹೇತುವೆಂಬ ನಮ್ಮ ಆಲಂಕಾರಿಕರ ವಿವಾದವನ್ನು ಬಲ್ಲವರಿಗೆ ಈ ಮಾತು ಹೊಸದಾಗಿ ತೋರದು. ಕಾನೋ ಮನೆಯವರು ಭಿಕ್ಷುಗಳಲ್ಲ. ಷೋಗನ್ನರ ಆಸ್ಥಾನದ ವೃತ್ತಿಚಿತ್ರಕಾರರು. ಹಲವು ತಲೆಮಾರುಗಳವರೆಗೆ ಮಸೀಚಿತ್ರದ ಕೈವಾಡವನ್ನು ಕಾಪಾಡಿಕೊಂಡು ಬಂದವರಲ್ಲಿ ಅವರೇ ಪ್ರಧಾನರು.

ದ್ರವ್ಯವು ಬದಲಾದರೆ ರೀತಿಯೂ ಬದಲಾಗುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ದೃಷ್ಟಾಂತವುಂಟು. ಒಕಾಕುರಾ ಕಾಕುಜೋ ಎಂಬ ಜಪಾನೀ ವಿದ್ವಾಂಸನು ಕಲ್ಕತ್ತಕ್ಕೆ ಬಂದು ಹೋದ ಮೇಲೆ, ಅವನ ಪ್ರೇರಣೆಯಿಂದ ಯೋಕೋಯಾಮಾ ತಾಯ್‌ಕಾನ್ ಮತ್ತು ಹಿಶಿದಾ ಶುನ್‌ಸೋ ಎಂಬ ಇಬ್ಬರು ಚಿತ್ರಕಾರರು ೧೯೦೩ರಲ್ಲಿ ಅಲ್ಲಿಗೆ ಬಂದು ಠಾಕೂರರ ಮನೆಯ ಸಂಪರ್ಕದಲ್ಲಿದ್ದರು. ತಾಯ್‌ಕಾನನು ಬರೆಯುವಾಗ ಚಪ್ಪಟೆ ಕುಂಚದಿಂದ ನೀರು ಸವರುತ್ತಿದ್ದುದನ್ನು ಅವನೀಂದ್ರನಾಥ ಠಾಕೂರರು ಕಂಡರು. ಆದರೆ ಅವನೀಂದ್ರರ ಕೈಯಲ್ಲಿದ್ದುದು ಹೀರದಂತೆ ಸಿದ್ಧಪಡಿಸಿದ ದಪ್ಪನೆಯ ಯೂರೋಪಿನ ಕಾಗದ; ಅವರ ಬಣ್ಣದ ಬಂಧಕವು ಜಾಲಿಯ ಜಾತಿಯ ಗೋಂದು. ಅಂತಹ ಕಾಗದವನ್ನು ನೀರಿನಲ್ಲಿ ಪೂರ್ತಿಯಾಗಿ ಮುಳುಗಿಸಿ ತೆಗೆಯಬಹುದು. ಅವರು ಹಾಗೆಯೇ ಮಾಡಿದರು: ಬಣ್ಣ ಹಾಕುವುದು, ಒಣಗಿಸುವುದು, ಮುಳುಗಿಸುವುದು, ಮತ್ತೆ ಬಣ್ಣ ಹಾಕುವುದು. 'ವಾಷ್' ಎಂದು ಪ್ರಸಿದ್ಧವಾದ ವಂಗೀಯ ವಿಧಾನವು ಹೀಗೆ ಹುಟ್ಟಿತು. ೧೯೦೫ರ 'ಭಾರತಮಾತಾ' ಚಿತ್ರವು ಈ ಬಗೆಯದು. ಜಪಾನಿನವರು ಒಂದು ಎಳೆತದಲ್ಲಿ ಮುಗಿಸುತ್ತಿದ್ದುದನ್ನು ಇಲ್ಲಿ ಹಲವು ಮುಳುಗುಗಳಲ್ಲಿ ಸಾಧಿಸಿದರು. ಸ್ಫೂರ್ತಿ ಒಂದೇ, ಫಲವು ಮಾತ್ರ ಅದರ ವಿಲೋಮ. ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತದಲ್ಲಿ ಅವನೀಂದ್ರರ ಬಳಿ ಶಿಷ್ಯವೃತ್ತಿಯಲ್ಲಿದ್ದುದು ಈ ಪದ್ಧತಿಯು ಪ್ರಚಾರದಲ್ಲಿದ್ದ ಕಾಲದಲ್ಲಿಯೇ.

ಜಪಾನೀ ಕುಂಚವು ಜಪಾನೀ ಮಸಿ-ಕಾಗದಗಳೊಡನೆ ವಂಗದೇಶಕ್ಕೆ ಪರಿಚಯವಾದುದು ಇದಾದ ಮೇಲೆ. ೧೯೧೬ರಲ್ಲಿ ಅರಾಯ್ ಕಂಪೋ ಎಂಬ ಚಿತ್ರಕಾರನು ಕಲ್ಕತ್ತಕ್ಕೆ ಬಂದು ಠಾಕೂರರ ಮನೆಯಲ್ಲಿ ಕುಂಚವಿಧಾನವನ್ನು ಕಲಿಸಿದನು. ನಂದಲಾಲ ಬಸು ಅವರು ೧೯೨೪ರಲ್ಲಿ ರವೀಂದ್ರರೊಡನೆ ಚೀನ ಜಪಾನ್‌ಗಳಿಗೆ ಹೋಗಿಬಂದರು. ಅವರ ಶಿಷ್ಯರಾದ ವಿನೋದವಿಹಾರಿ ಮುಖರ್ಜಿಯವರು ೧೯೩೦ರ ದಶಕದಲ್ಲಿ ಜಪಾನಿನಲ್ಲಿದ್ದರು. ನಂದಲಾಲರು ಇಳಿವಯಸ್ಸಿನಲ್ಲಿ ಪೈನ್, ಬೆಟ್ಟ, ಹಳ್ಳಿಗಳನ್ನು ಬರೆದ ಮಸೀಚಿತ್ರಗಳನ್ನು ೧೯೦೫ರ 'ವಾಷ್' ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರೆ, ಯಾವುದರಲ್ಲಿ ಮಸಿಯನ್ನು ಕಾಗದವು ಕುಡಿದಿದೆ, ಯಾವುದರಲ್ಲಿ ಕುಡಿದಿಲ್ಲ ಎಂಬುದನ್ನು ಯಾರಾದರೂ ಕಣ್ಣಿನಿಂದಲೇ ತಿಳಿಯಬಹುದು.